ಸೊಂಟದಲ್ಲೊಂದು ಸಂದೇಹ

ನನ್ನ ಷಡ್ಕ ಟೆಕ್ಸಾಸಿನ ಫ್ರಿಸ್ಕೊದಲ್ಲಿದ್ದಾನೆ. ಅವನ ಸೊಂಟದಲ್ಲಿ ಒಂದು ಪಿಸ್ತೂಲಿದೆ. ಯಾವ ಪಿಸ್ತೂಲು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಈ ಜಾತಿಯವರು ನಮ್ಮೂರಲ್ಲೂ ಇದ್ದಾರೆ. ಮಿಕ್ಸಿ ಕೊಳ್ಳಲು ಪೇಟೆಯ ಅಂಗಡಿಗಳನ್ನೆಲ್ಲ ಹತ್ತಿಳಿದು, ಕೊನೆಯದರಲ್ಲಿ ಗ್ಯಾರಂಟಿ ಕಾರ್ಡಿನ ಹಿಂಬದಿಯನ್ನೂ ಓದಿ, ಮನೆಗೆ ಬಂದು ಒರಳಲ್ಲೇ ರುಬ್ಬಿಸುವವರು. ಹೆಣ್ಣು ನೋಡುವಾಗಲೂ ಇವನದು ಇದೇ ಕಥೆಯಂತೆ. ‘ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ, ಸಂಜೆಯೊಳಗೆ’ ಎಂದು ನನ್ನ ನಾದಿನಿ ಗಡುವು ಕೊಟ್ಟಿದ್ದರಿಂದ ಸಂಸಾರ ಹೂಡಿದ. ಪಿಸ್ತೂಲು ಗಡುವು ಕೊಡುವುದಿಲ್ಲ.

ಸ್ಪರ್ಧೆ ಸಿಗ್ ಸಾವರ್ ಪಿ365ಕ್ಕೂ ಗ್ಲಾಕ್ 43ಎಕ್ಸ್‌ಗೂ. ಮೊದಲನೆಯದು 2018ರದು, ಎರಡನೆಯದು ಅದರ ಮರುವರ್ಷದ್ದು. ಎರಡೂ 9 ಎಂಎಂ, ಎರಡರ ಮ್ಯಾಗಜೀನಿಗೂ ಹತ್ತೇ ಗುಂಡು, ಎರಡೂ ಅಂಗಿಯಡಿ ಅಡಗಲೆಂದೇ ಹುಟ್ಟಿದವು. ತೂಕದ ವ್ಯತ್ಯಾಸ ಸುಮಾರು 25 ಗ್ರಾಂ. ಈ 25 ಗ್ರಾಮಿನ ಮೇಲೆ ಅವನು ಉಪನ್ಯಾಸ ಶುರುಮಾಡಿದಾಗ ನಾನು ಅವನ ಹೊಟ್ಟೆಯನ್ನೇ ನೋಡುತ್ತೇನೆ. ಅವನು ನನ್ನದನ್ನು ನೋಡುತ್ತಾನೆ. ಇಬ್ಬರೂ ಸುಮ್ಮನಾಗುತ್ತೇವೆ.

ಆಮೇಲೆ ಕಿರುಬೆರಳು ಬರುತ್ತದೆ. ಪಿ365ರ ಹಿಡಿ ಗಿಡ್ಡ. ನಡುಬೆರಳು, ಉಂಗುರಬೆರಳು ಕೂತ ಮೇಲೆ ಕಿರುಬೆರಳು ಪಂಕ್ತಿಯಲ್ಲಿ ಎಲೆ ಸಿಗದ ನೆಂಟನ ಹಾಗೆ ನಿಂತೇ ಇರುತ್ತದೆ. ಗ್ಲಾಕ್‌ನಲ್ಲಿ ಅದಕ್ಕೂ ಜಾಗವುಂಟು. ಆದರೆ ಹಿಡಿ ಮುಕ್ಕಾಲು ಇಂಚಿನಷ್ಟು ಉದ್ದವಾದ್ದರಿಂದ ಅಂಗಿಯ ಮೇಲೆ ಅದರ ಗುರುತು ಮೂಡುತ್ತದೆ. ಇದಕ್ಕೆ ಪಿಸ್ತೂಲಿನವರು ‘ಪ್ರಿಂಟ್ ಆಗೋದು’ ಅನ್ನುತ್ತಾರೆ. ಹೀಗೆ ಒಂದರಲ್ಲಿ ಬೆರಳು ಅನಾಥ, ಇನ್ನೊಂದರಲ್ಲಿ ಗುಟ್ಟು ರಟ್ಟು. ಇದು ಬಗೆಹರಿಯದೆ ಎರಡನ್ನೂ ಕೊಂಡ. ಕೊಂಡ ಮೇಲಾದರೂ ಮುಗಿಯಿತೇ? ಈಗ ದಿನಾ ಬೆಳಿಗ್ಗೆ ಆಯ್ಕೆ.

ಅವನ ಮನೆಯಲ್ಲಿ ನಾನು ಉಳಿದಿದ್ದಾಗ ನನಗೆ ಒದಗಿದ ಉದ್ಯೋಗ ಕನ್ನಡಿಯದು. ಪ್ರವಾಸಿ ವೀಸಾದವನು ಆ ದೇಶದಲ್ಲಿ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ದೀಪಾವಳಿಯ ರೀಲ್ ಪಟಾಕಿಯಾಚೆಗೆ ಆಯುಧ ಕಂಡಿರದ ನನಗೆ ಅದರಿಂದ ನಷ್ಟವೇನಿಲ್ಲ. ‘ಮುಟ್ಟಬೇಡ, ನೋಡಿ ಹೇಳು ಸಾಕು. ಕಾಣ್ತಿದೆಯಾ?’ ಎನ್ನುವನು. ಬಾಗುವನು, ಕೈಯೆತ್ತುವನು, ಅಟ್ಟದ ಡಬ್ಬಿಗೆ ಕೈಚಾಚುವನು. ಇಲ್ಲ ಎಂದರೆ ಮುಖ ಸಣ್ಣದಾಗುತ್ತಿತ್ತು. ‘ಸರಿಯಾಗಿ ನೋಡೋ!’ ಬಚ್ಚಿಡುವುದಕ್ಕೇ ಅಷ್ಟು ಡಾಲರ್ ಸುರಿದವನಿಗೆ, ಬಚ್ಚಿಟ್ಟಿದ್ದಾನೆಂದು ಬಲ್ಲ ಒಬ್ಬನಾದರೂ ಬೇಕಲ್ಲ.

ಒಂದು ಭಾನುವಾರ ಅವರ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಂಚೆ, ಜುಬ್ಬ. ಪಂಚೆಗೆ ಬೆಲ್ಟಿನ ಕೊಂಡಿಗಳಿಲ್ಲ ಎಂಬ ಸತ್ಯ ಅವನಿಗೆ ಹೊಳೆದದ್ದು ಹೊರಡುವ ಹೊತ್ತಿಗೆ. ಅವನು ಪಿಸ್ತೂಲು ಸಿಕ್ಕಿಸುವುದು ಹೊಟ್ಟೆಯ ಮುಂಭಾಗ, ಕೊಂಚ ಬಲಕ್ಕೆ. ಅಪೆಂಡಿಕ್ಸ್ ಇರುವ ಕಡೆ, ಆದ್ದರಿಂದ ಆ ಭಂಗಿಗೂ ಅದೇ ಹೆಸರು. ಹಾಗಾದರೆ ಸಾಷ್ಟಾಂಗ ಹಾಕುವುದು ಹೇಗೆ? ತಾಲೀಮು ಆಗಲೇಬೇಕು. ಮ್ಯಾಗಜೀನ್ ತೆಗೆದ, ಚೇಂಬರ್ ಖಾಲಿಯಿರುವುದನ್ನು ತಾನೂ ನೋಡಿ ನನಗೂ ತೋರಿಸಿದ. ಈ ವಿಷಯದಲ್ಲಿ ಅವನ ಶಿಸ್ತು ಅಪ್ಪಟ, ಹೆಸರಿಡುವ ಹಾಗಿಲ್ಲ. ಪಂಚೆಯ ಮೇಲೆ ಬಿಗಿ ಬೆಲ್ಟು, ಅದಕ್ಕೆ ಹೋಲ್ಸ್ಟರು, ಮೇಲೆ ಜುಬ್ಬ. ಗ್ಲಾಕ್ ಸಮೇತ ಕಾರ್ಪೆಟ್ಟಿನ ಮೇಲೆ ಉದ್ದಂಡ ಬಿದ್ದ. ‘ಪಕ್ಕೆಗೆ ಒತ್ತುತ್ತೆ’ ಎಂದು ಎದ್ದ. ಪಿ365 ಸಮೇತ ಮತ್ತೆ ಬಿದ್ದ. ಪಕ್ಕೆ ಉಳಿಯಿತು, ಏಳುವಾಗ ಪಂಚೆ ಉಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾದಿನಿ, ‘ಇವತ್ತೊಂದು ದಿನ ಸತ್ಯನಾರಾಯಣನೇ ಕಾಯ್ತಾನೆ, ಎರಡನ್ನೂ ಸೇಫಲ್ಲಿಟ್ಟು ಬನ್ನಿ’ ಎಂದಳು. ನಾವು ತಲುಪುವಷ್ಟರಲ್ಲಿ ಮಂಗಳಾರತಿ ಮುಗಿದಿತ್ತು, ಸಪಾದ ಭಕ್ಷ್ಯ ಮಿಕ್ಕಿತ್ತು.

ಕೊಡಗಿನವನಾಗಿದ್ದರೆ ಕೈಲ್‌ಪೊಳ್ದಿಗೆ ಕೋವಿ ಪೂಜಿಸಿದ ವಂಶ ಎಂದು ಸಮಾಧಾನಪಡಬಹುದಿತ್ತು. ಇವನು ತಿಪಟೂರಿನವನು. ಮನೆಯಲ್ಲಿದ್ದ ಮಾರಕಾಸ್ತ್ರ ಎಳನೀರು ಕೆತ್ತುವ ಮಚ್ಚು, ಅದೂ ಕೂಲಿಯವನ ಕೈಯಲ್ಲಿ. ಈ ವಿದ್ಯೆಯೆಲ್ಲ ವೀಸಾ ಕಾಲದ ಸಂಪಾದನೆ. ಎಚ್ ಒನ್ ಬಿಯಲ್ಲಿರುವವರಿಗೆ ಬೇಟೆ ಲೈಸೆನ್ಸಿನಂಥ ವಿನಾಯಿತಿ ಬಿಟ್ಟರೆ ಪಿಸ್ತೂಲು ನಿಷಿದ್ಧ. ಗ್ರೀನ್ ಕಾರ್ಡಿಗೆ ಕಾಯುತ್ತ ಓದಿದ್ದೇ ಓದಿದ್ದು. ಗ್ಯಾಸ್ಟನ್ ಗ್ಲಾಕ್ ಪಿಸ್ತೂಲಿಗೆ ಮೊದಲು ಪರದೆ ಸರಳು ಮಾಡುತ್ತಿದ್ದನೆಂದೂ, 1982ರಲ್ಲಿ ಆಸ್ಟ್ರಿಯಾದ ಸೈನ್ಯ ಅವನ ಪಿಸ್ತೂಲನ್ನೇ ಆರಿಸಿತೆಂದೂ ನನಗೆ ಉಪ್ಪಿಟ್ಟಿನ ಜೊತೆ ಬಡಿಸಿದ. ಒಂದು ದೇಶದ ಸೈನ್ಯವೇ ತೀರ್ಮಾನ ಮಾಡಿಬಿಟ್ಟಿತಲ್ಲಪ್ಪಾ ಎಂದರೆ, ‘ಅವರಿಗೆ ಬಚ್ಚಿಡೋ ತೊಂದರೆ ಇರಲಿಲ್ಲ’ ಎಂದ.

2021ರ ಸೆಪ್ಟೆಂಬರಿನಿಂದ ಟೆಕ್ಸಾಸಿನಲ್ಲಿ, ಕಾನೂನಿನ ಅಡ್ಡಿಯಿಲ್ಲದ 21 ದಾಟಿದವರು ಲೈಸೆನ್ಸಿಲ್ಲದೆಯೂ ಪಿಸ್ತೂಲು ಒಯ್ಯಬಹುದು. ಇವನು ಆದರೂ ಪಾಠಕ್ಕೆ ಹೋಗಿ, 50 ಗುಂಡು ಹಾರಿಸುವ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದ. ಪಡೆದು ಹೋಗುವುದೆಲ್ಲಿಗೆ? ಆಫೀಸಿನ ನಿಯಮ ಒಪ್ಪುವುದಿಲ್ಲ. ಮಗಳ ಶಾಲೆಯೊಳಗೆ ಅಪರಾಧ. ದೇವಸ್ಥಾನದ ಬಾಗಿಲಲ್ಲಿ ಪಿಸ್ತೂಲು ತರಬೇಡಿ ಎನ್ನುವ 30.06 ಕಲಮಿನ ಫಲಕ, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ. ಬಾರಿಗೆ ಇವನೇ ಹೋಗುವುದಿಲ್ಲ. ಉಳಿದದ್ದು ಇಂಡಿಯನ್ ಗ್ರೋಸರಿ. ಹತ್ತು ಗುಂಡಿನ ಬೆಂಗಾವಲಿನಲ್ಲಿ ಕೊತ್ತಂಬರಿ ಸೊಪ್ಪು, ಸೋನಾ ಮಸೂರಿ ಮನೆಗೆ ಬರುತ್ತವೆ.

ನಗಬಹುದು, ನಕ್ಕಿದ್ದೇನೆ. ಆದರೆ ಫ್ರಿಸ್ಕೊಗೆ ಹತ್ತಿರದ ಆಲೆನ್‌ನ ಔಟ್‌ಲೆಟ್ ಮಾಲಿನಲ್ಲಿ 2023ರ ಮೇ ತಿಂಗಳ ಒಂದು ಶನಿವಾರ ಬಂದೂಕಿನವನೊಬ್ಬ ಎಂಟು ಜನರನ್ನು ಕೊಂದ. ಅವರಲ್ಲಿ ಭಾರತದ ಇಂಜಿನಿಯರ್ ಹುಡುಗಿಯೊಬ್ಬಳೂ ಇದ್ದಳು. ಇವನ ಮಗಳ ಶಾಲೆ ಶೂಗಳೆಲ್ಲ ಅದೇ ಮಾಲಿನವು. ಅಂದಿನಿಂದ ಹೋಟೆಲಿಗೆ ಹೋದರೂ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಾನೆ ಎಂದು ನಾದಿನಿ ಮೆಲ್ಲಗೆ ಹೇಳಿದಳು. ಒಂದನ್ನು ಆರಿಸಿದರೆ, ಅದನ್ನು ಎಳೆಯಬೇಕಾದ ದಿನವೊಂದು ಬಂದೀತು ಎಂದು ಒಪ್ಪಿದ ಹಾಗೆ. ಹೋಲಿಸುತ್ತಿರುವಷ್ಟು ಕಾಲ ಅದು ಬರೀ ಸಾಮಾನು, ಮಿಕ್ಸಿಯ ಪಕ್ಕದ ಕಪಾಟಿನದು.

ಮೊನ್ನೆ ಫೋನು ಮಾಡಿದ್ದ. ಊರಿಗೆ ಬರುವ ಮುಂಚೆ ಒಂದನ್ನು ಮಾರಿಬಿಡುತ್ತಾನಂತೆ, ಯಾವುದನ್ನು ಇಟ್ಟುಕೊಳ್ಳಲಿ ಹೇಳು ಎಂದ. ಒಲೆಯ ಮೇಲೆ ಹಾಲಿತ್ತು. ‘ಕರಿಯದನ್ನು ಇಟ್ಟುಕೋ’ ಎಂದೆ.

‘ಎರಡೂ ಕರಿಯವೇ ಕಣೋ’ ಎಂದು ಉತ್ಸಾಹದಿಂದ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ‘ಆದರೆ ಸಿಗ್‌ದು ನೈಟ್ರಾನ್ ಕಪ್ಪು, ಗ್ಲಾಕ್‌ದು ಡಿಎಲ್‌ಸಿ ಕಪ್ಪು. ವ್ಯತ್ಯಾಸ ಏನಪ್ಪಾ ಅಂದ್ರೆ...’