ಎಡಗಾಲಿಗೆ ರಜೆ

ಬೇಲೂರಿನ ಪೇಟೆ ಬೀದಿಯಲ್ಲಿ ಎರಡನೇ ಗೇರಿಗೆ ಹಾಕೋಣವೆಂದು ಕ್ಲಚ್ ಒತ್ತಿದೆ. ‘ಟಕ್’ ಎಂದಿತು. ಪೆಡಲ್ ನೆಲಕ್ಕೊರಗಿತು, ಮತ್ತೆ ಏಳಲಿಲ್ಲ. ಕಾರು ಎರಡು ಸಲ ಜಗ್ಗಿ ಆಫ್ ಆಯಿತು.

ಕೇಬಲ್ ಕಟ್. ಭಾನುವಾರ ಮಧ್ಯಾಹ್ನ, ಗ್ಯಾರೇಜುಗಳಿಗೆಲ್ಲ ಬೀಗ. ಹಾಸನಕ್ಕೆ ಹತ್ತಿರ ಹತ್ತಿರ 40 ಕಿಲೋಮೀಟರು. ಹಿಂದಿನ ಸೀಟಿನಲ್ಲಿ ಮಾವನವರು. ಚೆನ್ನಕೇಶವನ ಗುಡಿಯ ಅಂಗಳದಲ್ಲಿ ಬರೀ ತನ್ನ ಭಾರದ ಮೇಲೆ ನಿಂತಿರುವ ದೀಪಸ್ತಂಭವನ್ನು ಆಗಷ್ಟೇ ಮೂರು ಸುತ್ತು ಹಾಕಿ ನೋಡಿ ಬಂದಿದ್ದರು. “ಅಷ್ಟೆತ್ತರದ ಕಂಬ ಯಾವ ಆಸರೆಯೂ ಇಲ್ದೆ ನಿಂತಿದೆ. ನಿಮ್ಮ ಕಾರು ಒಂದು ತಂತಿ ಇಲ್ದೆ ಹೋಗಲ್ವಾ ಅಳಿಯಂದ್ರೇ?” ಎಂದರು. ನಿಲ್ಲುವುದಕ್ಕಾದರೆ ನಮ್ಮ ಕಾರಿಗೂ ತಂತಿ ಬೇಕಿರಲಿಲ್ಲ. ಆ ಮಾತನ್ನು ನುಂಗಿಕೊಂಡೆ.

ಹಳೇ ಕಾರಾದ್ದರಿಂದ ಒಂದು ಉಪಾಯವಿತ್ತು. ಎಂಜಿನ್ ಆಫ್ ಇರುವಾಗಲೇ ಮೊದಲನೇ ಗೇರಿಗೆ ಹಾಕಿ ಸೆಲ್ಫ್ ಹೊಡೆಯುವುದು. ಆ ಪುಟ್ಟ ಮೋಟರು ಪಾಪ, ಎಂಜಿನ್ನನ್ನೂ ಕಾರನ್ನೂ ಮಾವನವರನ್ನೂ ಒಟ್ಟಿಗೇ ಎಳೆಯಬೇಕು. ಕಾರು ಕೆಮ್ಮಿತು, ಕುಪ್ಪಳಿಸಿತು, ಹೊರಟಿತು. ನನ್ನವಳು ಕೈಯಲ್ಲಿದ್ದ ಪ್ರಸಾದದ ಪೊಟ್ಟಣವನ್ನು ಎದೆಗವಚಿಕೊಂಡಳು.

ಅಲ್ಲಿಂದಾಚೆ ಗೇರು ಬದಲಿಸುವುದು ಕಿವಿಯ ಕೆಲಸ. ಎಕ್ಸಲರೇಟರ್ ಬಿಟ್ಟು, ಎಂಜಿನ್ ಎಳೆಯುತ್ತಲೂ ಇಲ್ಲ, ತಡೆಯುತ್ತಲೂ ಇಲ್ಲ ಎನ್ನುವ ಗಳಿಗೆಯಲ್ಲಿ ಗೇರ್ ರಾಡನ್ನು ನ್ಯೂಟ್ರಲ್ಲಿಗೆ ಜಾರಿಸಬೇಕು. ದನಿ ಇಳಿದಿಳಿದು ಮುಂದಿನ ಗೇರಿನ ಶ್ರುತಿಗೆ ಬರುವ ತನಕ ರಾಡನ್ನು ಎರಡೇ ಬೆರಳಲ್ಲಿ ತಾಗಿಸಿಟ್ಟು ಕಾಯಬೇಕು. ಚಕ್ರಕ್ಕೂ ಎಂಜಿನ್ನಿಗೂ ವೇಗ ಹೊಂದಿದರೆ ಗೇರು ತಾನಾಗಿ ಒಳಗೆ ಕೂರುತ್ತದೆ. ಹೊಂದದಿದ್ದರೆ ‘ಕರ್ರ್’, ರವೆ ಬೀಸುವ ಸದ್ದು. ಊರು ದಾಟುವಷ್ಟರಲ್ಲಿ ನಾನು ಅರ್ಧ ಸೇರು ರವೆ ಬೀಸಿದ್ದೆ. ಎಡಗಾಲಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಸತ್ತ ಪೆಡಲನ್ನು ತುಳಿಯುತ್ತಲೇ ಇತ್ತು.

ನಿಂತರೆ ಮತ್ತೆ ಆಫ್ ಮಾಡಬೇಕು, ಮತ್ತೆ ಕುಪ್ಪಳಿಸಬೇಕು. ಸೆಲ್ಫ್ ಎಷ್ಟು ಸಲ ತಡೆದೀತು? ನಿಲ್ಲಲೇಬಾರದು ಎಂದು ತೀರ್ಮಾನಿಸಿದೆ. ಅರ್ಧ ಫರ್ಲಾಂಗು ದೂರದ ಹಸುವಿನ ಮನಸ್ಸಿನಲ್ಲಿ ಏನಿದೆ ಎಂದು ಓದುವುದು ಆವತ್ತು ಕಲಿತ ವಿದ್ಯೆ. ಮನುಷ್ಯರದ್ದು ಅಷ್ಟು ಸುಲಭವಲ್ಲ. ಹಗರೆಯಲ್ಲಿ ಹಂಪು ದಾಟಿ ಎರಡನೇ ಗೇರಿನಲ್ಲಿ ತೆವಳುತ್ತಿದ್ದಾಗ, ಬಸ್ ಸ್ಟಾಪಿನಲ್ಲಿ ನಮ್ಮ ಬೀದಿಯ ಮೇಷ್ಟ್ರು ಚೀಲ ಹಿಡಿದು ನಿಂತಿದ್ದರು. ಕಾರು ಕಂಡದ್ದೇ ಮುಖ ಅರಳಿತು. ಚೀಲ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದೂಬಿಟ್ಟರು.

“ನಿಲ್ಸಿ ರೀ, ಮೇಷ್ಟ್ರು!” ಎಂದಳು ಇವಳು. ನಿಲ್ಲಿಸುವುದೆಲ್ಲಿ? ಕ್ಲಚ್ ಹೋಗಿದೆ ಎಂದು ತಿಳಿಸುವ ಗಾಬರಿಯಲ್ಲಿ ಅವರ ಮುಖ ನೋಡುತ್ತಾ ನನ್ನ ಕಾಲಿನ ಕಡೆ ಬೆರಳು ತೋರಿಸಿದೆ. ಮೇಷ್ಟ್ರ ಕೈ ಗಾಳಿಯಲ್ಲೇ ಉಳಿಯಿತು. ಹಿಂದಿನ ಕಿಟಕಿಯಿಂದ ಮಾವನವರು ಅವರಿಗೆ ಕೈಮುಗಿದರಂತೆ.

ಸೋಮವಾರ ಮೆಕ್ಯಾನಿಕ್ ಹೊಸ ಕೇಬಲ್ ಹಾಕಿಕೊಟ್ಟ. ಸಂಜೆ ಕ್ಷೌರದಂಗಡಿಯಲ್ಲಿ ವಿಷಯ ಕಿವಿಗೆ ಬಿತ್ತು: ನಾಲ್ಕು ಚಕ್ರ ಬಂದ ಮೇಲೆ ನಾನು ಲಿಫ್ಟ್ ಕೇಳಿದ ಮೇಷ್ಟ್ರಿಗೇ ಕಾಲಿಗೆ ಬೀಳು ಅನ್ನುವ ಮಟ್ಟಕ್ಕೆ ಹೋಗಿದ್ದೇನಂತೆ.