ಸೊಳ್ಳೆಗೂ ಒಂದು ಸೈಟು

ಯಲಹಂಕದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಅಂಗಳ ಎಂದರೆ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಮೂರಡಿ ಓಣಿ. ಅದರಲ್ಲೇ ಸಂಪು, ಅದರಲ್ಲೇ ಸ್ಕೂಟರು, ತುಳಸಿ, ಒಂದು ಕರಿಬೇವು, ಸಂಜೆ ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ. ಇಷ್ಟು ಇಕ್ಕಟ್ಟಿನಲ್ಲೂ ಜಾಗ ಸಾಲದು ಎಂದು ದೂರದೆ ಸಂಸಾರ ಹೂಡಿರುವುದು ಸೊಳ್ಳೆ ಮಾತ್ರ. ಹೊತ್ತು ಮುಳುಗುವಾಗ ಕಾಫಿ ಲೋಟ ಹಿಡಿದು ಹೊರಗೆ ಕೂತರೆ, ನಾನು ಕಾಫಿ ಮುಗಿಸುವ ಮೊದಲೇ ಅವು ನನ್ನನ್ನು ಶುರುಮಾಡಿರುತ್ತವೆ.

ನಮ್ಮ ಬೀದಿಯಲ್ಲಿ ಸೊಳ್ಳೆಗೆ ಮದ್ದು ಹೇಳದವರಿಲ್ಲ. ಒಂದು ಕಾಲಕ್ಕೆ ಕಾಯಿಲ್, ಆಮೇಲೆ ಮ್ಯಾಟ್, ಆಮೇಲೆ ಲಿಕ್ವಿಡ್ ಎಂದು ಸಲಹೆಗಳೂ ಬಡ್ತಿ ಪಡೆಯುತ್ತಾ ಬಂದವು. ಈಗ ಎಲ್ಲರೂ ಒಟ್ಟಿಗೆ ಪ್ರಕೃತಿಯ ಕಡೆ ತಿರುಗಿದ್ದಾರೆ. ಮೇಲಿನ ಮನೆಯ ಹುಡುಗ, "ಕೆಮಿಕಲ್ ಯಾಕೆ ಅಂಕಲ್, ನ್ಯಾಚುರಲ್ ಆಗಿ ಓಡ್ಸೋಣ" ಎನ್ನುತ್ತಾನೆ. ಡೆಂಗ್ಯೂ ಕೂಡ ನ್ಯಾಚುರಲ್ಲೇ ಕಣಪ್ಪಾ ಎಂದು ಹೇಳಲು ಬಾಯಿ ತೆರೆದರೆ ಬಾಯೊಳಕ್ಕೇ ಒಂದು ನುಗ್ಗುತ್ತದೆ.

ಬಳ್ಳಾರಿ ರಸ್ತೆ ಬದಿಯ ನರ್ಸರಿಯಲ್ಲಿ ಕೇಳಿ ನೋಡಿ. ನಿಂಬೆಯ ವಾಸನೆಯ ಒಂದು ಗಿಡ ತೋರಿಸಿ, ಇದಿದ್ದ ಮನೆಗೆ ಸೊಳ್ಳೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದ ಹಾಗೆ ಹೇಳುತ್ತಾರೆ. ನಮ್ಮ ಮನೆಗೂ ಅದು ಬಂತು. ಅಂದು ಸಂಜೆಯೇ ಒಂದು ಸೊಳ್ಳೆ ಅದರ ಎಲೆಯಡಿ ತಂಪಾಗಿ ಕೂತಿತ್ತು. ತಪ್ಪು ಗಿಡದ್ದಲ್ಲ. ಅದರ ಎಣ್ಣೆ ಎಲೆಯೊಳಗಿರುತ್ತದೆ. ಕಿವುಚಿ ಕೈಕಾಲಿಗೆ ತಿಕ್ಕಿಕೊಂಡರೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆಮೇಲೆ ಆರಿಹೋಗುತ್ತದೆ. ಸುಮ್ಮನೆ ಕುಂಡದಲ್ಲಿ ನಿಂತು ಕಾವಲು ಕಾಯುವ ಕೆಲಸ ಅದಕ್ಕೆ ಗೊತ್ತಿಲ್ಲ. ಚೆಂಡುಹೂವೂ ಅಷ್ಟೇ, ತುಳಸಿಯೂ ಅಷ್ಟೇ. ಮಜ್ಜಿಗೆ ಹುಲ್ಲನ್ನು ಮಾತ್ರ ನಾನು ಸಮರ್ಥಿಸುತ್ತೇನೆ, ಕಷಾಯಕ್ಕಾಗುತ್ತದೆ.

ದೊಡ್ಡಬಳ್ಳಾಪುರದ ಕಡೆಯಿಂದ ನಮ್ಮತ್ತೆ ಬಂದಾಗ ಕಾರ್ಯಾಚರಣೆ ಗಂಭೀರವಾಗುತ್ತದೆ. ಅವರ ಚೀಲದಲ್ಲಿ ಒಣಗಿದ ಲಕ್ಕಿ ಸೊಪ್ಪು, ಬೇವಿನ ಸೊಪ್ಪು. ತೆಂಗಿನ ಚಿಪ್ಪಿನ ಕೆಂಡದ ಮೇಲೆ ಅದನ್ನು ಹಾಕಿ ಸೆರಗಿನಿಂದ ಬೀಸಿದರೆ ಏಳುವ ಹೊಗೆಗೆ ಸೊಳ್ಳೆ ನಿಜಕ್ಕೂ ಓಡುತ್ತದೆ. ಕೊಟ್ಟಿಗೆಯಲ್ಲಿ ದನಗಳನ್ನು ಕಾಪಾಡಿದ ಹೊಗೆ ಅದು, ಹಗುರವಾಗಿ ಕಾಣುವಂತಿಲ್ಲ. ಆದರೆ ಮೂರಡಿ ಓಣಿಯಲ್ಲಿ ಸೊಳ್ಳೆಗಿಂತ ಮೊದಲು ಓಡುವುದು ನಾವು. ಮೇಲಿನ ಹುಡುಗ ಕೆಮ್ಮುತ್ತಾ ಇಳಿದು ಬಂದು, ಇದು ಯಾವ ಬ್ರ್ಯಾಂಡ್ ಎಂದು ವಿಚಾರಿಸುತ್ತಾನೆ. ಹೊಗೆ ಆರಿದ ಅರ್ಧ ಗಂಟೆಗೆ ಸೊಳ್ಳೆಗಳು ಹಿಂದಿರುಗುತ್ತವೆ, ಬಹುಶಃ ಹಸಿದುಕೊಂಡು. ಬೀದಿಯಲ್ಲಿ ಗುಡುಗುತ್ತಾ ಬರುವ ಹೊಗೆ ಯಂತ್ರದ ಹಣೆಬರಹವೂ ಹೆಚ್ಚುಕಡಿಮೆ ಇದೇ: ಹಾರುತ್ತಿರುವುದು ಸಾಯುತ್ತದೆ, ನೀರಿನಲ್ಲಿ ಬೆಳೆಯುತ್ತಿರುವ ಮರಿಗಳಿಗೆ ಏನೂ ಆಗುವುದಿಲ್ಲ.

ಇದ್ದುದರಲ್ಲಿ ಗೆದ್ದದ್ದು ಟೇಬಲ್ ಫ್ಯಾನು. ಸೊಳ್ಳೆ ಹಾರಾಟದಲ್ಲಿ ದುರ್ಬಲ, ಗಾಳಿಗೆದುರಾಗಿ ಬರಲಾರದು. ನಮ್ಮ ಉಸಿರಿನ ಜಾಡು ಹಿಡಿದು ಬರುವ ಅದಕ್ಕೆ ಫ್ಯಾನು ಆ ಜಾಡನ್ನೂ ಕೆಡಿಸಿಬಿಡುತ್ತದೆ. ಕರೆಂಟು ಹೋದ ಕ್ಷಣ ಮಾತ್ರ ಎಲ್ಲ ಲೆಕ್ಕ ಚುಕ್ತಾ ಆಗುತ್ತದೆ.

ಹೆಬ್ಬಾಳ ಕೆರೆಯ ಏರಿ ಮೇಲೆ ವಾಕಿಂಗ್ ಮಾಡುವ ಹಿರಿಯರ ತೀರ್ಪು ಬೇರೆ: ಎಲ್ಲಕ್ಕೂ ಕೆರೆಯೇ ಕಾರಣ. ಇದರಲ್ಲಿ ಅರ್ಧ ಸತ್ಯವಿದೆ. ಸಂಜೆ ಕಿವಿಯಲ್ಲಿ ಗುಂಯ್‌ಗುಡುವ ಕ್ಯೂಲೆಕ್ಸ್ ಕೊಳಚೆಯಲ್ಲಿ ಹುಟ್ಟುತ್ತದೆ, ಚರಂಡಿ ನೀರು ತುಂಬಿ ಜೊಂಡು, ಅಂತರಗಂಗೆ ಕಟ್ಟಿಕೊಂಡ ಕೆರೆ ಅದಕ್ಕೆ ತವರು. ಮೀನು ಮತ್ತು ಏರೋಪ್ಲೇನ್ ಚಿಟ್ಟೆ ಇರುವ ತಿಳಿ ಕೆರೆಯಲ್ಲಿ ಅದರ ಮರಿಗಳಿಗೆ ಉಳಿಗಾಲ ಕಡಿಮೆ. ಆದರೆ ಹಾಡುಹಗಲಲ್ಲಿ, ಬೆಳಗಿನ ಪೇಪರ್ ಓದುವಾಗ, ಮೇಜಿನ ಕೆಳಗೆ ಪಾದಕ್ಕೆ ಕಚ್ಚುವ ಪಟ್ಟೆ ಕಾಲಿನ ಈಡಿಸ್ ಇದೆಯಲ್ಲ, ಡೆಂಗ್ಯೂ ತರುವುದು ಅದು. ಅದು ದೂರ ಹಾರುವ ಜೀವವೇ ಅಲ್ಲ. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿನೊಳಗೆ ಅದರ ಬದುಕು. ಹೆಬ್ಬಾಳದಿಂದ ಯಲಹಂಕಕ್ಕೆ ಬಂದು ಕಚ್ಚುವುದು ಅದರಿಂದ ಆಗದ ಮಾತು, ಆ ಟ್ರಾಫಿಕ್ಕಿನಲ್ಲಿ ನಮ್ಮಿಂದಲೇ ಆಗುವುದಿಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ, ಪಕ್ಕದ ಮನೆಯದೋ ಇರಬೇಕು.

ಈ ಸಂಗತಿಯನ್ನು ಬೆಂಗಳೂರಿಗೆ ಹಿಂದೆಯೇ ಹೇಳಿದ್ದು ರೊನಾಲ್ಡ್ ರಾಸ್. 1883ರಲ್ಲಿ ಆತ ಇಲ್ಲಿ ಸೇನೆಯ ಡಾಕ್ಟರಾಗಿದ್ದ. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದರೆ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಮರಿಗಳು ನುಲಿಯುತ್ತಿದ್ದವು. ತೊಟ್ಟಿ ಖಾಲಿ ಮಾಡಿಸಿದ, ಸೊಳ್ಳೆ ಕಡಿಮೆಯಾಯಿತು. ಖುಷಿಯಿಂದ ಹೋಗಿ, ಅಧಿಕಾರಿಗಳ ಮೆಸ್ಸಿನ ಸುತ್ತಲೂ ಹೀಗೇ ಮಾಡಿಸೋಣ ಎಂದು ಸೇನಾಧಿಕಾರಿಯೊಬ್ಬರಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಸೃಷ್ಟಿಯ ವ್ಯವಸ್ಥೆಯನ್ನು ಕೆಡಿಸಬಾರದು, ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕೇ ಹುಟ್ಟಿಸಿರಬೇಕು, ಸಹಿಸಿಕೊಳ್ಳಬೇಕು ಎಂಬರ್ಥದ ಉತ್ತರ ಬಂತು. ಹದಿನಾಲ್ಕು ವರ್ಷಗಳ ನಂತರ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಇದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು. ಆ ಅಧಿಕಾರಿಯ ವಂಶ ಮಾತ್ರ ಬೆಂಗಳೂರಿನಲ್ಲೇ ಉಳಿದು, ಬಡಾವಣೆಗೊಂದರಂತೆ ಹಂಚಿಹೋಗಿದೆ ಎಂದು ನನ್ನ ಗುಮಾನಿ.

ತುಳಸಿ ಕುಂಡದ ಕೆಳಗಿನ ತಟ್ಟೆಯನ್ನು ಒಮ್ಮೆ ಬಗ್ಗಿ ನೋಡಿ. ಬೆರಳಿನ ಗೆಣ್ಣು ಮುಳುಗದಷ್ಟು ನೀರು ಸಾಕು. ಎಳ್ಳಿಗಿಂತ ಸಣ್ಣ ತಲೆ ಕೆಳಗೆ, ಬಾಲದ ತುದಿಯ ಉಸಿರುಕೊಳವೆ ಮೇಲೆ ಮಾಡಿಕೊಂಡು ಮರಿಗಳು ನೀರಿನ ಮೈಗೆ ಜೋತುಬಿದ್ದಿರುತ್ತವೆ. ನಿಮ್ಮ ನೆರಳು ಬಿದ್ದೊಡನೆ ಕುಣಿದು ತಳಕ್ಕಿಳಿದು, ನೀವು ಹೋದಿರೆಂದು ಖಾತ್ರಿಯಾದ ಮೇಲೆ ಮತ್ತೆ ಮೇಲೆ ಬರುತ್ತವೆ. ಮೊಟ್ಟೆಯಿಂದ ರೆಕ್ಕೆ ಮೂಡುವವರೆಗೆ ಎಂಟು-ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಚೆಲ್ಲಿದರೆ ಆಯಿತು. ಚೆಲ್ಲಿದ ಮೇಲೆ ಒಳಮೈಯನ್ನು ಉಜ್ಜಬೇಕು. ಈಡಿಸ್ ಮೊಟ್ಟೆ ಅಂಚಿಗೆ ಅಂಟಿಕೊಂಡು ನೀರಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ, ಮುಂದಿನ ಮಳೆಗೆ ಒಡೆಯುತ್ತದೆ. ಫ್ರಿಜ್ಜಿನ ಹಿಂದಿನ ಟ್ರೇ, ಮನಿಪ್ಲಾಂಟಿನ ಬಾಟಲಿ, ಕೆಂಡಕ್ಕೆಂದು ಅತ್ತೆ ಕೂಡಿಟ್ಟ ಚಿಪ್ಪುಗಳು, ಎಲ್ಲವೂ ಈ ಲೆಕ್ಕಕ್ಕೇ. ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ಡ್ರಮ್ಮು ತುಂಬಿಡಬೇಡಿ ಎನ್ನಲಾಗದು, ಬಟ್ಟೆ ಕಟ್ಟಿಡಿ ಎನ್ನಬಹುದು. ಸಂಪಿಗೆ ಸರಿಯಾದ ಮುಚ್ಚಳ, ಓವರ್‌ಫ್ಲೋ ಪೈಪಿಗೆ ಜಾಲರಿ. ತಾವರೆ ತೊಟ್ಟಿ ಬೇಕೇಬೇಕು ಎನ್ನುವವರು ಅದರಲ್ಲಿ ನಾಲ್ಕು ಗಪ್ಪಿ ಮೀನು ಬಿಡಲಿ. ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಊರ ಮೀನುಗಳು ಬದುಕಬೇಕು.

2024ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡವನ್ನೂ ಗೊತ್ತುಮಾಡಿತು. ನಗರದಲ್ಲಿ ಸೊಳ್ಳೆಗೆ ಆಶ್ರಯ ಕೊಟ್ಟ ಮನೆಗೆ 400 ರೂಪಾಯಿ, ಕಟ್ಟುತ್ತಿರುವ ಕಟ್ಟಡಕ್ಕೆ ಮತ್ತು ಖಾಲಿ ಬಿಟ್ಟ ಜಾಗಕ್ಕೆ 2000. ನಮ್ಮ ಪಕ್ಕದ ಸೈಟಿನ ಮಾಲೀಕರು ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಪಾಯ ತೋಡಿ ಬಿಟ್ಟುಹೋದ ಆ ನಿಮ್ಮ ನೀಲಿ ಡ್ರಮ್ಮನ್ನು ಈ ಭಾನುವಾರ ಬಂದು ಬೋರಲು ಹಾಕಿ. ಕಾಫಿ ನಮ್ಮ ಮನೆಯಲ್ಲಿ.