ಈಗ ಬರುತ್ತೆ, ನೋಡು

ಆಪೆರಾ ಹುಚ್ಚು ಹತ್ತಿದ ಹಿರಿಯರನ್ನು ಗುರುತಿಸುವುದು ಕಷ್ಟವಲ್ಲ. ಮನೆಗೆ ಬಂದ ಹುಡುಗರನ್ನು ಕಾಫಿಗೂ ಮೊದಲೇ ಹಿಡಿದು ಕೂರಿಸಿ, ಸ್ಪೀಕರಿನ ಪಕ್ಕ ನಿಂತು, ತೋರುಬೆರಳನ್ನು ಮೇಲೆತ್ತಿರುತ್ತಾರೆ. ‘ಈಗ ಬರುತ್ತೆ, ನೋಡು... ಇದಲ್ಲ, ಇದಲ್ಲ... ಈಗ!’ ಆ ‘ಈಗ’ ಬಂದು ಹೋಯಿತೆಂದು ಹುಡುಗರಿಗೆ ಗೊತ್ತಾಗುವುದು ಬೆರಳು ಕೆಳಗಿಳಿದ ಮೇಲೆ. ಅಷ್ಟು ಹೊತ್ತೂ ಹಿರಿಯರು ಹಾಡು ಕೇಳಿರುವುದಿಲ್ಲ, ಕೇಳುವವರ ಮುಖ ನೋಡುತ್ತಿರುತ್ತಾರೆ. ಅಲ್ಲಿ ರೋಮಾಂಚನದ ಬದಲು ಆಕಳಿಕೆ ಕಂಡರೆ, ಈಗಿನ ಕಾಲದವರಿಗೆ ತಾಳ್ಮೆಯೇ ಇಲ್ಲ ಎಂಬ ತೀರ್ಪು ಸಿದ್ಧ. ನಡುವೆ ಬಾಯಿ ತಪ್ಪಿ ‘ಫ್ಯಾನ್ ಹಾಕ್ಲಾ?’ ಎಂದವನನ್ನು ದೇವರೇ ಕಾಪಾಡಬೇಕು.

ಇವರದಾದರೂ ನಿಜವಾದ ಪ್ರೀತಿ. ಇನ್ನೊಂದು ಪಂಗಡವಿದೆ. ಅವರು ಮೊಜಾರ್ಟ್‌ನನ್ನು ಮಕ್ಕಳಿಗೆ ಹರಳೆಣ್ಣೆಯಂತೆ ಕುಡಿಸುತ್ತಾರೆ: ರುಚಿಯ ಮಾತು ಬೇಡ, ಒಳ್ಳೆಯದು, ನುಂಗು. ಈ ವೈದ್ಯಕ್ಕೆ ಆಧಾರ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟದೊಂದು ವರದಿ. ಕಾಲೇಜು ಹುಡುಗರು 36 ಮಂದಿಗೆ ಎರಡು ಪಿಯಾನೊಗಳಿಗಾಗಿ ಮೊಜಾರ್ಟ್ ಬರೆದ ಸೊನಾಟಾವನ್ನು ಹತ್ತು ನಿಮಿಷ ಕೇಳಿಸಿದರೆ, ಕಾಗದ ಮಡಚಿ ಕತ್ತರಿಸಿದಾಗ ಯಾವ ಆಕಾರ ಬಂದೀತು ಎಂಬಂಥ ಲೆಕ್ಕಗಳನ್ನು ಅವರು ಸ್ವಲ್ಪ ಚೆನ್ನಾಗಿ ಬಿಡಿಸಿದರು. ಗುಣ ಉಳಿದದ್ದು ಕಾಲು ಗಂಟೆ. ಹಸುಗೂಸುಗಳ ಸುದ್ದಿಯೇ ಅದರಲ್ಲಿರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ತಮ್ಮ ರಾಜ್ಯದಲ್ಲಿ ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ಟೋ ಸಿ.ಡಿ.ಯೋ ಕೊಡಲು ಬಜೆಟ್ಟಿನಲ್ಲಿ 1,05,000 ಡಾಲರ್ ಬೇಕೆಂದರು. ಶಾಸಕರಿಗೆ ಬೀತೋವನ್‌ನ ಒಂದು ತುಣುಕನ್ನೂ ಕೇಳಿಸಿ, ಬುದ್ಧಿ ಆಗಲೇ ಚುರುಕಾದಂತಿದೆಯಲ್ಲವೇ ಎಂದು ವಿಚಾರಿಸಿಕೊಂಡರಂತೆ. ಶಾಸಕರ ಮೇಲೆ ಪ್ರಯೋಗ ಮಾಡಿದ್ದು ಮಾತ್ರ ಧೈರ್ಯವೇ.

ಇಷ್ಟಾಗಿ, ಹಿರಿಯರ ಅಪ್ಪಣೆಗೆ ಕಾಯದೆ ಈ ಸಂಗೀತ ಮಕ್ಕಳ ಕಿವಿಗೆ ಹೊಕ್ಕುಬಿಟ್ಟಿರುತ್ತದೆ. ಮೊಜಾರ್ಟ್‌ನ 25ನೇ ಸಿಂಫನಿಯನ್ನೇ ನೋಡಿ. 1773ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಸಾಲ್ಸ್‌ಬರ್ಗ್‌ನಲ್ಲಿ ಕೂತು ಬರೆದದ್ದು. ಯಾವುದೋ ದೊಡ್ಡಪ್ಪ ಬಹಳ ಗಾಂಭೀರ್ಯದಿಂದ ಅದನ್ನು ಹಾಕಿ, ಎಂದಿನಂತೆ ಬೆರಳೆತ್ತಿ, ತಾರುಣ್ಯದ ತಳಮಳ ಎಂದೇನೋ ಶುರು ಮಾಡುತ್ತಾರೆ. ನಾಲ್ಕು ಸೆಕೆಂಡಿನೊಳಗೆ ಮಕ್ಕಳು ಒಟ್ಟಿಗೆ ಕೂಗುತ್ತವೆ: ‘ದೊಡ್ಡಪ್ಪಾ, ಟೈಟಾನ್ ವಾಚು!’ ದೊಡ್ಡಪ್ಪನ ಮುಖ ಸಪ್ಪಗಾಗುತ್ತದೆ. ಆಗಬೇಕಾಗಿಲ್ಲ. ನಮ್ಮ ಬೆಂಗಳೂರಿನ ಕಂಪನಿಯ ಜಾಹೀರಾತು ಒಂದೆರಡು ತಲೆಮಾರಿನ ಭಾರತೀಯರಿಗೆ ಒಂದು ಸಿಂಫನಿಯ ಮೊದಲ ಸಾಲನ್ನು ಬಾಯಿಪಾಠ ಮಾಡಿಸಿದೆ. ಯಾವ ಸಂಗೀತ ಸಭೆಗೂ ಆಗದ ಕೆಲಸ.

ಇದೇ ಪೇಚು 1958ರ ಜನವರಿ 18ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಲೆನರ್ಡ್ ಬರ್ನ್‌ಸ್ಟೈನ್‌ಗೂ ಎದುರಾಯಿತು. ಸರಿಯಾಗಿ ಹೇಳುವುದಾದರೆ, ಅದನ್ನು ಆತ ಬೇಕೆಂದೇ ಎದುರು ಹಾಕಿಕೊಂಡ. ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವಾದ್ಯವೃಂದದ ಹೊಸ ನಿರ್ದೇಶಕ, ಎದುರಿಗೆ ಹಾಲು ತುಂಬ ಮಕ್ಕಳು, ಜತೆಗೆ ಟಿ.ವಿ. ಕ್ಯಾಮೆರಾಗಳು. ಬಂದವನೇ ರೊಸೀನಿಯ ‘ವಿಲಿಯಂ ಟೆಲ್’ ಆಪೆರಾದ ಮುನ್ನುಡಿ ಸಂಗೀತದ ಕುದುರೆ ಓಟದಂಥ ಭಾಗವನ್ನು ನುಡಿಸಿ, ಇದು ಯಾವುದರ ಬಗ್ಗೆ ಎಂದು ಕೇಳಿದ. ಮಕ್ಕಳದು ಒಂದೇ ಉತ್ತರ: ‘ಲೋನ್ ರೇಂಜರ್!’ ಮುಸುಕುಧಾರಿ ಕುದುರೆ ಸವಾರನ ಆ ಧಾರಾವಾಹಿಗೆ ಅದೇ ಶೀರ್ಷಿಕೆ ಸಂಗೀತ. ಬರ್ನ್‌ಸ್ಟೈನ್ ಮುಖ ಸಪ್ಪಗೆ ಮಾಡಿಕೊಳ್ಳಲಿಲ್ಲ. ಕುದುರೆಯೂ ಇಲ್ಲ, ಸವಾರನೂ ಇಲ್ಲ, ಇದು ಸ್ವರಗಳ ಬಗ್ಗೆ ಅಷ್ಟೇ ಎಂದ. ನಂಬದವರಿಗಾಗಿ ಇನ್ನೊಂದು ಆಟ ಹೂಡಿದ. ಸೂಪರ್‌ಮ್ಯಾನ್ ಜೈಲಿನಿಂದ ಒಬ್ಬ ನಿರಪರಾಧಿಯನ್ನು ಬಿಡಿಸಿಕೊಂಡು ಬರುವ ಕಥೆ ಕಟ್ಟಿ ಹೇಳಿ, ಅದಕ್ಕೆ ತಕ್ಕಂತೆ ಸಂಗೀತ ನುಡಿಸಿದ. ಕೈದಿಗಳ ಗೊರಕೆ ಕೂಡ ಹಿತ್ತಾಳೆ ವಾದ್ಯಗಳಲ್ಲಿ ಸೊಗಸಾಗಿ ಕೇಳಿಸಿತು. ಆಮೇಲೆ ಗುಟ್ಟು ಒಡೆದ. ಅದು ರಿಚರ್ಡ್ ಸ್ಟ್ರೌಸ್ ‘ಡಾನ್ ಕಿಹೋಟೆ’ ಕಥೆಗೆಂದು ಬರೆದದ್ದು. ಗೊರಕೆ ಎಂದುಕೊಂಡದ್ದು ಕುರಿಗಳ ಅರಚಾಟ.

ಬರ್ನ್‌ಸ್ಟೈನ್‌ನ ಆ ‘ಯಂಗ್ ಪೀಪಲ್ಸ್ ಕಾನ್ಸರ್ಟ್ಸ್’ 1972ರವರೆಗೆ 53 ಕಂತು ನಡೆದವು. ಸೊನಾಟಾದ ಕಟ್ಟಣೆ ವಿವರಿಸಲು ಬೀಟಲ್ಸ್ ಹಾಡು ತೆಗೆದುಕೊಂಡು, ತನ್ನ ಒಡಕು ದನಿಯಲ್ಲಿ ತಾನೇ ಹಾಡಿಯೂಬಿಟ್ಟ. ಬುದ್ಧಿ ಚುರುಕಾಗುತ್ತದೆಂಬ ಆಸೆ ತೋರಿಸಿದವನಲ್ಲ. ಇಡೀ ಹಾಲಿನಲ್ಲಿ ಅತಿ ಹೆಚ್ಚು ಮಜಾ ತೆಗೆದುಕೊಳ್ಳುತ್ತಿದ್ದವನು ಅವನೇ ಎಂಬುದು ಹಳೆಯ ದೃಶ್ಯಗಳನ್ನು ನೋಡಿದರೆ ಈಗಲೂ ಗೊತ್ತಾಗುತ್ತದೆ.

ಬರ್ನ್‌ಸ್ಟೈನ್‌ಗೂ ಮೇಲಿನ ಮೇಷ್ಟ್ರುಗಳೆಂದರೆ ಒಂದು ಬೆಕ್ಕು ಮತ್ತು ಒಂದು ಮೊಲ. 1947ರ ‘ದಿ ಕ್ಯಾಟ್ ಕನ್ಸರ್ಟೊ’ ಕಾರ್ಟೂನಿನಲ್ಲಿ ಟಾಮ್ ಕರಿ ಕೋಟು ತೊಟ್ಟು, ಬಾಲವನ್ನೂ ಘನತೆಯನ್ನೂ ಸರಿಪಡಿಸಿಕೊಂಡು ಲಿಸ್ಟ್‌ನ ಎರಡನೇ ಹಂಗೇರಿಯನ್ ರಾಪ್ಸಡಿ ನುಡಿಸಲು ಕೂರುತ್ತಾನೆ. ಜೆರ್ರಿ ಮಲಗಿರುವುದು ಪಿಯಾನೊದೊಳಗೆ, ತಂತಿಗೆ ಬಡಿಯುವ ಸುತ್ತಿಗೆಗಳ ಮೇಲೆಯೇ. ಮೇಲೆ ಬೆರಳು ಕೀಲಿಯನ್ನು ಒತ್ತಿದಂತೆಲ್ಲ ಒಳಗೆ ಸುತ್ತಿಗೆ ಎದ್ದು ಇಲಿಯನ್ನು ಎಗರಿಸುತ್ತದೆ. ಪಿಯಾನೊದ ಒಳಗುಟ್ಟನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪಠ್ಯಪುಸ್ತಕ ಇದ್ದರೆ ತೋರಿಸಿ. ಆ ವರ್ಷದ ಆಸ್ಕರ್ ಅದಕ್ಕೇ ಬಂತು. ಶಾಲೆಯಿಂದ ಬಂದವರೇ ಚೀಲ ಬಿಸಾಡಿ ಟಿ.ವಿ. ಮುಂದೆ ಚಕ್ಕುಲಿ ಮುರಿಯುತ್ತ ಕೂತ ನಮ್ಮ ಊರಿನ ಮಕ್ಕಳು ಲಿಸ್ಟ್‌ನನ್ನು ಹೀಗೇ, ಹೆಸರು ಕೇಳದೆ ಒಳಗಿಳಿಸಿಕೊಂಡವು.

ಮೊಲದ ಸಾಹಸ ಇನ್ನೂ ದೊಡ್ಡದು. ವಾಗ್ನರ್‌ನ ‘ರಿಂಗ್’ ನಾಲ್ಕು ಆಪೆರಾಗಳ ಮಾಲೆ, ಒಟ್ಟು ಸುಮಾರು 15 ಗಂಟೆ. ಚಕ್ ಜೋನ್ಸ್ 1957ರಲ್ಲಿ ಅದರದೂ, ವಾಗ್ನರ್‌ನ ಬೇರೆ ಆಪೆರಾಗಳದೂ ಸಂಗೀತ ಹೆಕ್ಕಿ ಏಳು ನಿಮಿಷದೊಳಗೆ ಮುಗಿಸಿದ. ಚಿತ್ರದ ಹೆಸರು ‘ವಾಟ್ಸ್ ಆಪೆರಾ, ಡಾಕ್?’ ಕೊಂಬಿನ ಶಿರಸ್ತ್ರಾಣ ಧರಿಸಿದ ಬೇಟೆಗಾರ ಎಲ್ಮರ್ ಫಡ್, ಕುದುರೆಯೇರಿದ ವೀರಕನ್ಯೆಯರ ಆ ಭೋರ್ಗರೆತದ ಧಾಟಿಯಲ್ಲಿ ಮೊಲವನ್ನು ಕೊಲ್ಲುವ ಪ್ರತಿಜ್ಞೆ ಮಾಡುತ್ತಾನೆ. ಬಗ್ಸ್ ಬನ್ನಿ ಚಿನ್ನದ ಜಡೆಯ ಚೆಲುವೆಯಾಗಿ, ಗುಡ್ಡದಂಥ ಕುದುರೆಯ ಮೇಲೆ ಬಂದಿಳಿಯುತ್ತದೆ. ಕೊನೆಗೆ ಸತ್ತಂತೆ ಮಲಗಿದ ಮೊಲ ತಲೆಯೆತ್ತಿ, ಆಪೆರಾ ಎಂದ ಮೇಲೆ ಸುಖಾಂತವನ್ನು ನಿರೀಕ್ಷಿಸಿದ್ದಿರಾ ಎಂದು ಪ್ರೇಕ್ಷಕರನ್ನೇ ಕೇಳುತ್ತದೆ. 1992ರಲ್ಲಿ ಈ ಕಾರ್ಟೂನು ಕಿರುಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿತು. ಇದನ್ನು ಅಪಚಾರ ಎನ್ನುವ ಆಪೆರಾ ಪಂಡಿತರು ಸಿಗಬಹುದು. ಅವರಲ್ಲಿ ಎಷ್ಟು ಮಂದಿ 15 ಗಂಟೆ ಎಚ್ಚರವಾಗಿ ಕೂತಿದ್ದರು ಎಂಬುದು ಬೇರೆ ವಿಚಾರ.

ಕಾರ್ಟೂನು ದಾಟಿದ ಹುಡುಗರನ್ನು ಫುಟ್‌ಬಾಲ್ ಹಿಡಿಯಿತು. 1990ರ ಇಟಲಿ ವಿಶ್ವಕಪ್ಪಿಗೆ ಬಿಬಿಸಿ ಆರಿಸಿಕೊಂಡದ್ದು ಪಾವರೊಟ್ಟಿ ಹಾಡಿದ ‘ನೆಸ್ಸುನ್ ದೋರ್ಮಾ’. ಪುಚೀನಿಯ ‘ತುರಾಂದೋತ್’ ಆಪೆರಾದ ಈ ಹಾಡು ಆ ಬೇಸಿಗೆಯಲ್ಲಿ ಬ್ರಿಟನ್ನಿನ ಪಾಪ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಫೈನಲ್ಲಿನ ಹಿಂದಿನ ರಾತ್ರಿ ರೋಮಿನ ಕಾರಾಕಲ್ಲಾ ಪಾಳುಸ್ನಾನಗೃಹದ ಅಂಗಳದಲ್ಲಿ ಪಾವರೊಟ್ಟಿ, ಡೊಮಿಂಗೊ, ಕರೆರಾಸ್ ಒಟ್ಟಿಗೆ ಹಾಡಿದರು. ವಾದ್ಯವೃಂದ ನಡೆಸಿದವರು ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ. ಕಥೆಯಲ್ಲಿ, ಅಪರಿಚಿತ ರಾಜಕುಮಾರನ ಹೆಸರು ಪತ್ತೆಯಾಗುವವರೆಗೆ ಊರಿನಲ್ಲಿ ಯಾರೂ ಕಣ್ಣು ಮುಚ್ಚಕೂಡದೆಂದು ರಾಜಕುಮಾರಿಯ ಕಟ್ಟಪ್ಪಣೆ. ನಡುರಾತ್ರಿ ದೂರದರ್ಶನದ ಮುಂದೆ ಕೂತ ನಮ್ಮ ಹುಡುಗರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಲ್ಲ ಸಲವೂ ಹಿರಿಯರೇ ಕಿರಿಯರಿಗೆ ಹುಚ್ಚು ಹಿಡಿಸಬೇಕೆಂದೇನೂ ಇಲ್ಲ. 94 ಕೀರ್ತನೆಗಳ ವಾಗ್ಗೇಯಕಾರರಾದ ಮೈಸೂರಿನ ಜಯಚಾಮರಾಜ ಒಡೆಯರಿಗೆ ಪಿಯಾನೊ ಮೇಲೂ ಅಷ್ಟೇ ಆಸೆ. 1940ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ ಪಟ್ಟಕ್ಕೆ ಬಂದರು. ಕಛೇರಿ ಪಿಯಾನೊವಾದಕರಾಗುವ ಕನಸು ಅಲ್ಲಿಗೆ ನಿಂತಿತು. ಮೂವತ್ತರ ಆಸುಪಾಸಿನ ಈ ಕೇಳುಗ, ಲಂಡನ್ನಿನಲ್ಲಿ ಜಗತ್ತು ಮರೆತಂತಿದ್ದ ಎಪ್ಪತ್ತರ ಹತ್ತಿರದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮುದುಕ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. ರಿಚರ್ಡ್ ಸ್ಟ್ರೌಸ್‌ನ ‘ಕೊನೆಯ ನಾಲ್ಕು ಹಾಡುಗಳು’ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದುದರ ಹಿಂದೆಯೂ ಮೈಸೂರಿನ ದುಡ್ಡಿತ್ತು.

ಇನ್ನು ಬೆರಳೆತ್ತುವ ಚಟ ಇಂದು ನಿನ್ನೆಯದಲ್ಲ, ಅದರ ಹಿರಿಯ ರೋಗಿ ಸಾಕ್ಷಾತ್ ಮೊಜಾರ್ಟ್. 1791ರ ಅಕ್ಟೋಬರ್, ವಿಯೆನ್ನಾದಲ್ಲಿ ‘ಮಾಯಾ ಕೊಳಲು’ ಆಪೆರಾ ಶುರುವಾಗಿ ವಾರವಾಗಿತ್ತಷ್ಟೆ. ಬಾಡೆನ್ನಿನಲ್ಲಿದ್ದ ಹೆಂಡತಿಗೆ ಬರೆದ ಪತ್ರದಲ್ಲಿ ಗೋಳು ತೋಡಿಕೊಂಡಿದ್ದಾನೆ. ಬಾಕ್ಸಿನಲ್ಲಿ ಜತೆಗೆ ಕೂತ ಒಬ್ಬ ಮಹಾಶಯ ಎಲ್ಲದಕ್ಕೂ ನಕ್ಕನಂತೆ, ಎರಡನೇ ಅಂಕದ ಗಂಭೀರ ದೃಶ್ಯಕ್ಕೂ. ಮೊಜಾರ್ಟ್ ತಾಳ್ಮೆಯಿಂದ ಇದು ಗಮನಿಸು, ಅದು ಗಮನಿಸು ಎಂದು ತೋರಿಸಿದ. ಆಸಾಮಿ ಅದಕ್ಕೂ ನಕ್ಕ. ಕೊನೆಗೆ ಅವನನ್ನು ‘ಪಾಪಗೇನೊ’ ಎಂದು ಬೈದು ಎದ್ದು ಬಂದ. ಅದು ಆಪೆರಾದಲ್ಲಿ ಹಕ್ಕಿ ಹಿಡಿಯುವ ವಿದೂಷಕನ ಹೆಸರು. ಬೈದದ್ದೂ ಅವನಿಗೆ ಅರ್ಥವಾಗಿರಲಾರದೆಂದು ಪತ್ರದಲ್ಲಿ ಗೊಣಗಾಟ ಬೇರೆ.

ಆ ಸಿಟ್ಟಿಗೆ ಮದ್ದು ರಂಗದ ಹಿಂದೆ ಸಿಕ್ಕಿತು. ಪಾಪಗೇನೊ ಪಾತ್ರಧಾರಿ ಷಿಕನೇಡರ್ ಕೈಯಲ್ಲಿದ್ದ ಮಾಯಾಗಂಟೆ ಬರಿಯ ವೇಷ. ನಿಜವಾದದ್ದನ್ನು ಮರೆಯಲ್ಲಿ ಬೇರೊಬ್ಬರು ನುಡಿಸಬೇಕು. ಮೊಜಾರ್ಟ್ ಅಲ್ಲಿಗೆ ನುಸುಳಿ, ಷಿಕನೇಡರ್ ಸುಮ್ಮನೆ ನಿಂತಿದ್ದ ಹೊತ್ತಿನಲ್ಲಿ ಟಿಣ್ ಎನಿಸಿದ. ಅವನು ಬೆಚ್ಚಿ ತಿರುಗಿ ನೋಡಿದ. ಮುಂದೆ ಟಿಣ್ ಆಗಬೇಕಾದಲ್ಲಿ ಮೊಜಾರ್ಟ್ ಸುಮ್ಮನಿದ್ದ. ಅವನೂ ಹಾಡು ನಿಲ್ಲಿಸಿಬಿಟ್ಟ. ಇನ್ನೊಮ್ಮೆ ಟಿಣ್. ಷಿಕನೇಡರ್ ಕೈಯಲ್ಲಿದ್ದ ಗಂಟೆಗೇ ಒಂದು ಬಿಗಿದು ಬಾಯಿ ಮುಚ್ಚು ಎಂದು ಗದರಿದ, ಜನ ಬಿದ್ದು ಬಿದ್ದು ನಕ್ಕರು. ಅವನು ತಾನೇ ನುಡಿಸುತ್ತಿಲ್ಲ ಎಂಬುದು ಅನೇಕರಿಗೆ ಗೊತ್ತಾದದ್ದೇ ಆಗ ಎಂದು ಮೊಜಾರ್ಟ್ ಹೆಂಡತಿಗೆ ವರದಿ ಒಪ್ಪಿಸಿದ. ಅತ್ತೆಯನ್ನೂ ಕರೆತರುವವನಿದ್ದ, ಆಕೆ ಆಪೆರಾ ನೋಡಿಯಾಳು, ಕೇಳಲಾರಳು ಎಂದು ಒಂದು ಚಟಾಕಿಯೂ ಇದೆ.

ಅಕ್ಟೋಬರ್ 13ರ ಸಂಜೆ ಆರಕ್ಕೆ ಗಾಡಿ ಕಟ್ಟಿಸಿ ಸಂಗೀತಗಾರ ಸಾಲಿಯೇರಿಯನ್ನೂ ಗಾಯಕಿ ಕಾವಲಿಯೇರಿಯನ್ನೂ ಬಾಕ್ಸಿಗೆ ಮುಟ್ಟಿಸಿ, ಮತ್ತೆ ಓಡಿ ಅತ್ತೆಯನ್ನೂ ಏಳು ವರ್ಷದ ಮಗ ಕಾರ್ಲ್‌ನನ್ನೂ ಕರೆತಂದ. ಸಾಲಿಯೇರಿ ಹಾಡು ಹಾಡಿಗೂ ‘ಬ್ರಾವೊ’ ಎಂದ. ಆಪೆರಾಕ್ಕೆ ಬಂದ ಕಾರ್ಲ್‌ಗಂತೂ ಹಿಗ್ಗೋ ಹಿಗ್ಗು. ಏಳು ವರ್ಷದವನಿಗೆ ಬೇಕಾದದ್ದೆಲ್ಲ ಅಲ್ಲಿತ್ತು: ಪರದೆ ಎದ್ದ ಕೂಡಲೇ ಅಟ್ಟಿಸಿಕೊಂಡು ಬರುವ ಹಾವು, ಮೈತುಂಬ ಹಕ್ಕಿಗರಿ ತೊಟ್ಟ ಮನುಷ್ಯ, ಹಾವನ್ನು ಕೊಂದವನು ತಾನೇ ಎಂದು ಬಡಾಯಿ ಕೊಚ್ಚಿದ್ದಕ್ಕೆ ಅವನ ಬಾಯಿಗೆ ಜಡಿದ ಬೀಗ.